ನಾನು ಹೆಣವಾಗಿದ್ದ ಸಿನಿಮಾ

ಸಿನಿಮಾ ನೋಡಿ ಬಂದವರಿಗೆ ಅದರ ಬಗ್ಗೆ ಒಂದು ಅಭಿಪ್ರಾಯ ಹೇಳದಿದ್ದರೆ ತಿಂದದ್ದು ಅರಗುವುದಿಲ್ಲ. ಅದರಲ್ಲೂ ಆ ಸಿನಿಮಾದಲ್ಲಿ ತಮಗೆ ಗೊತ್ತಿರುವ ಹುಡುಗಿಯೊಬ್ಬಳು ಹೆಣವಾಗಿ ಬಿದ್ದುಕೊಂಡಿದ್ದರೆ ಕೇಳುವುದೇ ಬೇಡ. ಆ ಹುಡುಗಿ ನಾನು. ಸಿನಿಮಾ ಬಿಡುಗಡೆಯಾದ ಮೇಲೆ ಮೂರು ವಾರ, ಬಂಗಾರಪೇಟೆಯಿಂದ ಕ್ಯಾಸಂಬಳ್ಳಿಯವರೆಗೆ, ನನ್ನ ಸಾವಿನ ಬಗ್ಗೆ ಅಭಿಪ್ರಾಯವಿಲ್ಲದ ಮನುಷ್ಯರು ನನಗೆ ಸಿಗಲಿಲ್ಲ. ನಮ್ಮಮ್ಮ ಒಬ್ಬಳನ್ನು ಬಿಟ್ಟು. ಅವಳು ಸಿನಿಮಾ ನೋಡಿ ಬಂದ ದಿನದಿಂದ ನನ್ನ ಜೊತೆ ಮಾತು ಬಿಟ್ಟಳು, ನೆಟ್ಟಗೆ ಊಟ ಮಾಡಲಿಲ್ಲ, ನನ್ನ ಮುಖವನ್ನು ನೇರವಾಗಿ ನೋಡಲೂ ಇಲ್ಲ. ನಾನು ಅಮ್ಮನನ್ನು ಕಳೆದುಕೊಳ್ಳುತ್ತಿದ್ದೇನೆ ಎಂದೇ ಆಗ ಅನ್ನಿಸಿತ್ತು.

ನಾನು ಆಗ ಬಂಗಾರಪೇಟೆಯ ಒಂದು ಫೋಟೋ ಸ್ಟುಡಿಯೋದಲ್ಲಿ ಕೆಲಸಕ್ಕಿದ್ದೆ. ನಮ್ಮದು ಕ್ಯಾಸಂಬಳ್ಳಿ ಹತ್ತಿರದ ಹಳ್ಳಿ. ಅಪ್ಪ ನಾನು ಹೈಸ್ಕೂಲಿನಲ್ಲಿದ್ದಾಗಲೇ ತೀರಿಕೊಂಡಿದ್ದ. ಮನೆಯಲ್ಲಿ ನಾನು, ಅಮ್ಮ, ಎರಡು ಸೀಮೆ ಹಸು. ಬೆಳಿಗ್ಗೆ ಅಮ್ಮ ಹಾಲು ಕರೆದರೆ ನಾನು ಡೇರಿಗೆ ಹಾಕಿ ಬಂದು, ತಲೆ ಬಾಚಿಕೊಂಡು ಬಸ್ಸಿಗೆ ಓಡುತ್ತಿದ್ದೆ. ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಸೈಜಿನ ಫೋಟೋ ತೆಗೆಯುವವಳು ನಾನೇ. ಗದ್ದ ಮೇಲೆತ್ತಿ, ಕಣ್ಣು ಮಿಟುಕಿಸಬೇಡಿ, ಉಸಿರು ಬಿಗಿಹಿಡಿಯಬೇಡಿ ಎಂದು ದಿನಕ್ಕೆ ನೂರು ಸಲ ಹೇಳುತ್ತಿದ್ದೆ. ಆದರೆ ನಮ್ಮ ಅಂಗಡಿ ನಡೆಯುತ್ತಿದ್ದುದು ಸತ್ತವರಿಂದ. ಮನೆಯಲ್ಲಿ ಯಾರಾದರೂ ಹೋದರೆ ಮೂರನೇ ದಿನಕ್ಕೆ ಅವರ ವೋಟರ್ ಕಾರ್ಡನ್ನೋ, ಯಾರದೋ ಮದುವೆಯ ಗುಂಪು ಫೋಟೋವನ್ನೋ ಹಿಡಿದುಕೊಂಡು ಬಂದು, “ಇವರೊಬ್ಬರನ್ನೇ ದೊಡ್ಡದು ಮಾಡಿಕೊಡಿ” ಎನ್ನುತ್ತಾರೆ. ನಾನು ಸುತ್ತಲಿನವರನ್ನೆಲ್ಲ ಅಳಿಸಿ, ಹೆಗಲ ಮೇಲಿದ್ದ ಇನ್ಯಾರದೋ ಕೈಯನ್ನು ತೆಗೆದು, ಹಿಂದೆ ನೀಲಿ ಬಣ್ಣ ಕೂರಿಸುತ್ತಿದ್ದೆ. ಹೀಗಾಗಿ ಸತ್ತವರೆಂದರೆ ನನಗೆ ಹೆದರಿಕೆ ಇರಲಿಲ್ಲ, ಸ್ವಲ್ಪ ಅಸಡ್ಡೆಯೇ ಇತ್ತು.

ಸಿನಿಮಾದವರು ಬಂದದ್ದೂ ಫೋಟೋ ಪ್ರಿಂಟ್ ಹಾಕಿಸಲಿಕ್ಕೇ. ಕೆ.ಜಿ.ಎಫ್‌ನ ಕೋರಮಂಡಲ್‌ನಲ್ಲಿ ಪಾಳುಬಿದ್ದ ಚಿನ್ನದ ಗಣಿ ಕಟ್ಟಡಗಳಲ್ಲಿ ಶೂಟಿಂಗ್ ನಡೆಯುತ್ತಿತ್ತು. ಕಥೆ ಒಬ್ಬ ಪತ್ತೇದಾರನದು. ಮುಚ್ಚಿಹೋದ ಗಣಿಯಲ್ಲಿ ಹೆಸರಿಲ್ಲದ ಹೆಂಗಸಿನ ಹೆಣ ಸಿಗುತ್ತದೆ, ಅದನ್ನು ಮೊದಲು ಕಂಡವಳು ನಾಯಕಿ. ಹೆಣ ನೋಡಲು ಬಂದ ಪತ್ತೇದಾರ ನಾಯಕಿಯನ್ನು ನೋಡುತ್ತಾನೆ. ಅಲ್ಲಿಂದ ಮುಂದೆ ಅವನಿಗೆ ಅವಳ ಮೇಲೆ ಅನುಮಾನವೂ ಹೌದು, ಪ್ರೀತಿಯೂ ಹೌದು. ಹೆಣವಾಗಬೇಕಿದ್ದ ಹುಡುಗಿ ಬೆಂಗಳೂರಿನಿಂದ ಬರಲಿಲ್ಲವಂತೆ. ಪ್ರಿಂಟ್ ತೆಗೆದುಕೊಳ್ಳಲು ಬಂದ ಸಹಾಯಕ ನಿರ್ದೇಶಕ ಕೌಂಟರಿನ ಆ ಕಡೆಯಿಂದ ನನ್ನನ್ನೇ ನೋಡುತ್ತಾ, “ಅಲುಗಾಡದೆ ಎಷ್ಟು ಹೊತ್ತು ಮಲಗಿರ್ತೀರಾ?” ಎಂದ. ಬೇರೆ ಯಾರಾದರೂ ಆಗಿದ್ದರೆ ಮುಖಕ್ಕೆ ಉಗಿಯುತ್ತಿದ್ದರು. ನನಗೆ ಜಂಬ ಬಂತು. ಎಷ್ಟು ಹೊತ್ತು ಬೇಕಾದರೂ ಎಂದೆ.

ಶೂಟಿಂಗ್ ದಿನ ಮಧ್ಯಾಹ್ನ ಮೂರು ಗಂಟೆಗೆ ನನ್ನ ತುಟಿಗೆ ನೀಲಿ ಹಚ್ಚಿ, ಕತ್ತಿನ ಮೇಲೆ ಬೆರಳಿನ ಗುರುತು ಬರೆದು, ಗಾರೆ ನೆಲದ ಮೇಲೆ ಮಲಗಿಸಿದರು. ಕಿಟಕಿಯ ಆಚೆ, ಚಿನ್ನ ತೆಗೆದು ಸುರಿದ ಮಣ್ಣಿನ ಸೈನೈಡ್ ಗುಡ್ಡ ಬೂದಿ ಬಣ್ಣಕ್ಕೆ ನಿಂತಿತ್ತು. ಗಾಳಿ ಬಂದಾಗಲೆಲ್ಲ ಅದರ ದೂಳು ಒಳಗೆ ಬಂದು ನನ್ನ ಮೇಲೆ ಕೂರುತ್ತಿತ್ತು. ಕಣ್ಣು ಅರ್ಧ ತೆರೆದಿರಬೇಕು, ಸೂರಿನಲ್ಲಿದ್ದ ತುಕ್ಕು ಹಿಡಿದ ಕೊಕ್ಕೆಯನ್ನೇ ನೋಡುತ್ತಿರಬೇಕು ಎಂದರು. ನೋಡಿದೆ. ಮೊದಲು ಕಾಲ ಮೇಲೆ ಇರುವೆ ಹರಿಯಿತು, ಆಮೇಲೆ ನೆಲದ ತಂಪು ಬೆನ್ನಿಗೆ ಹತ್ತಿತು, ಆಮೇಲೆ ಒಂದೊಂದೇ ಸದ್ದು ದೂರವಾಗುತ್ತಾ ಹೋಯಿತು. ಪತ್ತೇದಾರ ನನ್ನ ಪಕ್ಕದಲ್ಲೇ ಮಂಡಿಯೂರಿ ಮಾತಾಡುತ್ತಿದ್ದರೂ ಪಕ್ಕದ ಊರಿನಲ್ಲಿ ಯಾರೋ ಮಾತಾಡಿದಂತೆ ಕೇಳುತ್ತಿತ್ತು. ಆಗ ಬೆನ್ನ ಕೆಳಗೆ, ಎಲ್ಲೋ ಆಳದಲ್ಲಿ, ಒಂದು ಗುದ್ದು ಬಿತ್ತು. ಕೆಳಗಿನಿಂದ ಯಾರೋ ಬಾಗಿಲು ತಟ್ಟಿದ ಹಾಗೆ.

ಗಣಿ ಮುಚ್ಚಿ ಇಷ್ಟು ವರ್ಷವಾದರೂ ಕೆಳಗಿನ ಸುರಂಗಗಳಲ್ಲಿ ಆಗಾಗ ಕಲ್ಲು ಸಿಡಿಯುತ್ತದೆ, ಮನೆಗಳ ಪಾತ್ರೆ ಅಲುಗುತ್ತವೆ ಎನ್ನುವುದು ಆ ಕಡೆಯವರಿಗೆಲ್ಲ ಗೊತ್ತು. ನನಗೂ ಗೊತ್ತು. ಆದರೆ ಅಂದು ಅಲ್ಲಿದ್ದ ಯಾರಿಗೂ ಏನೂ ಕೇಳಿಸಿರಲಿಲ್ಲ. ನನಗೆ ಮಾತ್ರ, ಅದೂ ಬೆನ್ನಿಗೆ. ಕಟ್ ಎಂದಾಗ ನಿರ್ದೇಶಕ ಚಪ್ಪಾಳೆ ತಟ್ಟಿ, “ಎದೆ ಆಡ್ಲೇ ಇಲ್ಲ ರೀ ನಿಮ್ದು!” ಎಂದು ಹೊಗಳಿದರು. ನಾನು ಏಳಲು ಹೋದೆ, ಕಾಲು ಮಾತು ಕೇಳಲಿಲ್ಲ. ಇಬ್ಬರು ಹಿಡಿದು ಎಬ್ಬಿಸಿದರು.

ಆಗ ಲೈಟಿನ ಕೆಲಸದ ಒಬ್ಬ ಹಿರಿಯರು ಓಡಿ ಬಂದರು. ಸಿನಿಮಾದಲ್ಲಿ ಹೆಣವಾದವರು ಎದ್ದು, ಅದೇ ಬಟ್ಟೆಯಲ್ಲೇ, ಕ್ಯಾಮೆರಾ ನೋಡಿ ಒಂದು ಸಲ ನಗಬೇಕಂತೆ. ಆ ನಗುವನ್ನೂ ಶೂಟ್ ಮಾಡಿಕೊಂಡರೇ ದೋಷ ಕಳೆಯುವುದು ಎಂದು ಅವರ ಪದ್ಧತಿ. ಬೆಳಕು ಹೋಗುತ್ತಿದೆ, ಪತ್ತೇದಾರನ ಇನ್ನೊಂದು ಶಾಟ್ ಬಾಕಿ ಇದೆ ಎಂದು ನಿರ್ದೇಶಕರು ಕೈಬೀಸಿದರು. “ಕ್ಯಾಮೆರಾ ಇಲ್ದಿದ್ರೂ ಪರವಾಗಿಲ್ಲ, ನನ್ನ ನೋಡಿ ನಗಮ್ಮ” ಎಂದರು ಆ ಹಿರಿಯರು. ನನಗೆ ಬಸ್ಸು ತಪ್ಪುವ ಚಿಂತೆ. ತುಟಿಯ ನೀಲಿ ಒರೆಸಿಕೊಂಡು ಹೊರಟುಬಿಟ್ಟೆ.

ವರ್ಷವಾದ ಮೇಲೆ ಸಿನಿಮಾ ಬಂತು. ಬಂಗಾರಪೇಟೆಯ ಥಿಯೇಟರಿಗೆ ಬಂದ ಮೊದಲ ಭಾನುವಾರ ನಮ್ಮೂರಿನ ಹೆಂಗಸರೆಲ್ಲ ಒಂದು ಟೆಂಪೋ ಮಾಡಿಕೊಂಡು ಹೋದರು. ಅಮ್ಮನೂ ಹೋದಳು, ಪಕ್ಕದ ಮನೆಯ ನಮ್ಮ ದೊಡ್ಡಮ್ಮನ ಜೊತೆ. ಅಮ್ಮನ ಸ್ವಂತ ಅಕ್ಕ ಅವಳು. ನನಗೆ ಸ್ಟುಡಿಯೋದಲ್ಲಿ ಮದುವೆ ಆಲ್ಬಮ್ಮಿನ ಕೆಲಸವಿತ್ತು, ಜೊತೆಗೆ ಹೋಗಲಿಲ್ಲ. ಹೋಗಬೇಕಿತ್ತು.

ಸೋಮವಾರದಿಂದ ಅಭಿಪ್ರಾಯಗಳು ಶುರುವಾದವು. ಬಸ್ಸಿನ ಕಂಡಕ್ಟರ್ ನನ್ನನ್ನು ನೋಡಿ ತೆಲುಗಿನಲ್ಲಿ, “ಏಮ್ಮಾ, ಬತಿಕಿ ವಚ್ಚಿನಾವಾ?” ಎಂದ. ಬದುಕಿ ಬಂದೆಯಾ ಅಂತ. ಬಸ್ಸೆಲ್ಲ ನಕ್ಕಿತು. ತರಕಾರಿ ಬುಟ್ಟಿ ಇಟ್ಟುಕೊಂಡು ಕೂತಿದ್ದವಳೊಬ್ಬಳಿಗೆ ಪತ್ತೇದಾರನ ಮೇಲೆ ಮನಸ್ಸೇ ಹೋಗಿತ್ತು. “ಅಂತ ಗಂಡು ಸಿಗ್ಬೇಕು ನೋಡು. ಅನುಮಾನ ಪಟ್ಟೇ ಪ್ರೀತಿ ಮಾಡ್ತಾನೆ. ನಮ್ಮನ್ಯಾಗಿರೋದು ಬರೀ ಅನುಮಾನ ಪಡ್ತದೆ” ಎಂದಳು. ಕಾಲೇಜು ಹುಡುಗಿಯರಿಗೆ ಕೊಲೆಗಾರ ಯಾರೆಂದು ಅರ್ಧದಲ್ಲೇ ಗೊತ್ತಾಯಿತಂತೆ. ಸ್ಟುಡಿಯೋ ಮಾಲೀಕರಿಗೆ ಹಾಡು ಉದ್ದವಾಯಿತು. ಫೋನಿನಲ್ಲಿ ಯಾರೋ ಹಾಕಿದ್ದ ತುಣುಕಿನ ಕೆಳಗೆ, ಈ ಸಿನಿಮಾದಲ್ಲಿ ನಟಿಸಿರುವುದು ಹೆಣ ಮಾತ್ರ, ಮಿಕ್ಕವರೆಲ್ಲ ಓಡಾಡಿದ್ದಾರೆ ಅಷ್ಟೇ ಎಂದು ಒಬ್ಬ ಬರೆದಿದ್ದ. ಅದನ್ನು ನಾನು ಕಂಡಕಂಡವರಿಗೆ ಓದಿ ತೋರಿಸಿದೆ. ಇಲ್ಲ ಎಂದರೆ ಸುಳ್ಳಾಗುತ್ತದೆ.

ನಾಲ್ಕೈದು ದಿನ ಕಳೆದ ಮೇಲೆ ಅಭಿಪ್ರಾಯಗಳ ಬಣ್ಣ ಬೇರೆಯಾಯಿತು. ಗಂಡನ ಫೋಟೋ ದೊಡ್ಡದು ಮಾಡಿಸಲು ಬಂದ ಒಬ್ಬ ಹೆಂಗಸು ನನ್ನನ್ನು ನೋಡಿ ಬಾಗಿಲಲ್ಲೇ ನಿಂತಳು. “ನೀವು ನನ್ನೇ ನೋಡ್ತಿದ್ರಿ. ನಾನು ಸೀಟು ಬದಲಾಯಿಸಿದೆ, ಅಲ್ಲಿಗೂ ನೋಡಿದ್ರಿ” ಎಂದು ಹೇಳಿ, ಕಾರ್ಡು ಕೊಡದೆ ಹಾಗೇ ಹಿಂದಕ್ಕೆ ಹೋದಳು. ಮಾರಿಕುಪ್ಪಂ ರೈಲಿನಲ್ಲಿ ಓಡಾಡುವ ನರ್ಸ್ ಒಬ್ಬಳು, “ಕೊನೇಲಿ ತುಟಿ ಅಲ್ಲಾಡಿಸಿದ್ಯಲ್ಲ, ಯಾಕೆ ಅದನ್ನ ಕಟ್ ಮಾಡ್ಲಿಲ್ಲ?” ಎಂದು ಕೇಳಿದಳು. ನಾನು ತುಟಿ ಅಲ್ಲಾಡಿಸಿರಲಿಲ್ಲ. ಎರಡು ದಿನ ಬಿಟ್ಟು ಅವಳ ಪರಿಚಯವೇ ಇಲ್ಲದ ಇನ್ನೊಬ್ಬಳು, ಕೇಳದೆಯೇ, ಅದನ್ನೇ ಹೇಳಿದಳು. ಅವಳ ಪ್ರಕಾರ ನಾನು ಅಮ್ಮಾ ಅಂದೆ. ಆ ತುಣುಕನ್ನು ಸ್ಟುಡಿಯೋದ ಕಂಪ್ಯೂಟರಿನಲ್ಲಿ ಹಾಕಿ, ದೊಡ್ಡದು ಮಾಡಿ, ಒಂದೊಂದೇ ಚಿತ್ರವಾಗಿ ನಿಲ್ಲಿಸಿ ನೋಡಿದೆ. ತುಟಿ ಅಲುಗಲಿಲ್ಲ, ಕಣ್ಣು ಅಲುಗಲಿಲ್ಲ. ಆದರೆ ಆ ಮುಖ ನನ್ನದು ಅಂತಲೂ ಅನ್ನಿಸಲಿಲ್ಲ. ಗುಂಪಿನಿಂದ ನಾನು ಕತ್ತರಿಸಿ ತೆಗೆಯುವ ಮುಖಗಳ ಸಾಲಿಗೆ ಅದು ಸಲೀಸಾಗಿ ಸೇರುತ್ತಿತ್ತು. ಕಂಪ್ಯೂಟರ್ ಆರಿಸಿಬಿಟ್ಟೆ.

ಹೊರಗಿನವರ ಮಾತನ್ನು ಹಾಗೆ ಆರಿಸಬಹುದು. ಮನೆಯಲ್ಲಿ ಏನು ಮಾಡುವುದು?

ಅಮ್ಮ ಸಿನಿಮಾ ನೋಡಿ ಬಂದ ದಿನ ಹೊರಗಿನ ತೊಟ್ಟಿಯಲ್ಲಿ ತಲೆಗೆ ನೀರು ಹಾಕಿಕೊಂಡು ಆಮೇಲೆ ಒಳಗೆ ಬಂದಳು. ಸಾವಿನ ಮನೆಗೆ ಹೋಗಿ ಬಂದವರು ಮಾಡುವಂತೆ. ಟೆಂಪೋದಲ್ಲಿ ಕುಡಿದ ದೂಳಿಗಿರಬೇಕು ಎಂದುಕೊಂಡೆ. ಮಾರನೆಯ ಬೆಳಿಗ್ಗೆ ಎಚ್ಚರವಾದಾಗ ಮೂಗಿನ ಹತ್ತಿರ ಸಗಣಿ, ಹಾಲು ಎರಡೂ ಸೇರಿದ ವಾಸನೆ. ಕಣ್ಣು ಬಿಟ್ಟರೆ ಅಮ್ಮನ ಕೈಬೆರಳು ನನ್ನ ಮೂಗಿನ ಕೆಳಗೆ. ಉಸಿರಿದೆಯೇ ಎಂದು ನೋಡುತ್ತಿದ್ದಳು. ಕಣ್ಣು ಬಿಟ್ಟದ್ದೇ ಕೈ ತೆಗೆದುಕೊಂಡು ಕೊಟ್ಟಿಗೆಗೆ ಹೋದಳು. ಅದು ದಿನಾ ನಡೆಯಿತು. ನಾನು ಕೋಪ ಮಾಡಿಕೊಂಡೆ, ನಗಿಸಲು ನೋಡಿದೆ, “ಏನಮ್ಮಾ, ಇನ್ನೂ ಇದ್ದೀನಾ?” ಎಂದು ಕೇಳಿದೆ. ಅವಳು ನನ್ನ ಹೆಗಲಿನ ಮೇಲಿಂದ ಆಚೆ ಗೋಡೆಯನ್ನು ನೋಡುತ್ತಿದ್ದಳು.

ಒಂದು ಸಂಜೆ ಬಂದಾಗ ನನ್ನ ಬೀರುವಿನ ಕೆಳಗಿನ ಖಾನೆ ಖಾಲಿಯಾಗಿತ್ತು. ನನ್ನ ಹಳೆಯ ಚೂಡಿದಾರಗಳನ್ನೆಲ್ಲ ಬಟ್ಟೆ ಒಗೆಯುವವಳಿಗೆ ಕೊಟ್ಟುಬಿಟ್ಟಿದ್ದಳು. ನಮ್ಮ ಕಡೆ ಯಾವಾಗ ಹಾಗೆ ಕೊಡುತ್ತಾರೆ ಎನ್ನುವುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇನ್ನೊಂದು ದಿನ ನಾನು ಹಿತ್ತಲಿನಲ್ಲಿ ಹಲ್ಲುಜ್ಜುತ್ತಿದ್ದಾಗ, ಹಿಂದಿನ ಮನೆಯವಳ ಜೊತೆ ಅಮ್ಮ ಮಾತಾಡುತ್ತಿದ್ದುದು ಕೇಳಿಸಿತು. “ಉಳ್ಳಿ ಕಾಳಿನ ಸಾರಂದ್ರೆ ಪ್ರಾಣ ಬಿಡೋಳು ಅವಳು. ಎರಡು ಮುದ್ದೆ ಉಣ್ಣೋಳು” ಎನ್ನುತ್ತಿದ್ದಳು. ಹುರುಳಿ ಸಾರಿಗೆ ಪ್ರಾಣ ಬಿಡುವವಳು ನಾನು, ಅವಳು ಇಲ್ಲದವಳ ಹಾಗೆ ಹೇಳುತ್ತಿದ್ದುದು ನನ್ನ ಬಗ್ಗೆ. ನಾನು ಬಾಯಿ ತುಂಬ ನೊರೆ ತುಂಬಿಕೊಂಡು ಅಲ್ಲೇ ನಿಂತಿದ್ದೆ. ನಾನು ಇದ್ದೀನಿ ಎಂದು ಕೂಗಿಕೊಳ್ಳಬೇಕು ಅನ್ನಿಸಿತು, ಬಾಯಿ ಮುಕ್ಕಳಿಸಿ ಒಳಗೆ ಹೋದೆ.

ಅಮ್ಮ ಸಿನಿಮಾ ನೋಡಿ ಬಂದ ಹನ್ನೊಂದನೆಯ ದಿನ ಅದು ಎಂದು ಆಮೇಲೆ ಎಣಿಸಿದಾಗ ಗೊತ್ತಾಯಿತು. ಅಂದು ಬೆಳಿಗ್ಗೆ ಅಮ್ಮ ಒಂದು ಹಿಡಿ ಅನ್ನ, ಅದರ ಮೇಲೆ ಹುರುಳಿ ಸಾರು, ಒಂದು ಚೂರು ಬೆಲ್ಲ ಇಟ್ಟ ಎಲೆಯನ್ನು ಕೊಟ್ಟಿಗೆಯ ಗೋಡೆಯ ಮೇಲಿಟ್ಟು ದೂರ ನಿಂತಳು. ಕಾಗೆ ಬರಲಿ ಎಂದು ಕಾಯುವ ನಿಲುವು ಅದು. “ಯಾರಿಗಮ್ಮ?” ಎಂದೆ. ಅಪ್ಪನ ತಿಥಿಯಲ್ಲಿ ಒಂದು ಕಾಗೆಯೂ ಬಾರದೆ ಮಧ್ಯಾಹ್ನದವರೆಗೆ ನಾವು ಹಸಿದು ಕೂತಿದ್ದು ನೆನಪಿದೆ. ಈ ಸಲ ನಾನು ಕೇಳಿ ಮುಗಿಸುವಷ್ಟರಲ್ಲಿ ಕಾಗೆ ಬಂತು. ಅನ್ನ ಮುಟ್ಟದೆ, ನನ್ನ ಕಡೆಗೆ ತಲೆ ಓರೆ ಮಾಡಿ ಸ್ವಲ್ಪ ಹೊತ್ತು ನೋಡಿತು. ಆಮೇಲೆ ತಿಂದಿತು. ಓದಿದವಳು, ಕಂಪ್ಯೂಟರ್ ಮುಂದೆ ಕೂರುವವಳು ನಾನು. ಆದರೂ ಒಳಗೆ ಹೋಗಿ ಕನ್ನಡಿ ನೋಡಿಕೊಂಡೆ.

ಅಷ್ಟರಲ್ಲಿ ಅಮ್ಮ ಅರ್ಧಕ್ಕರ್ಧ ಇಳಿದುಹೋಗಿದ್ದಳು. ರವಿಕೆಯ ತೋಳುಗಳು ಸಡಿಲವಾಗಿ ಜೋಲುತ್ತಿದ್ದವು. ಡೇರಿಯ ಸಾಲಿನಲ್ಲಿ ಕಣ್ಣು ಕತ್ತಲೆ ಬಂದು ಕೂತುಬಿಟ್ಟಳೆಂದು ಯಾರೋ ಬಂದು ಹೇಳಿದರು. ಬಂಗಾರಪೇಟೆಯ ಡಾಕ್ಟರ್ ರಕ್ತ ಕಡಿಮೆ ಇದೆ ಎಂದು ಮಾತ್ರೆ ಬರೆದುಕೊಟ್ಟರು. ಅವಳು ಮಾತ್ರೆಯನ್ನು ಹಾಗೇ ಡಬ್ಬಿಯಲ್ಲಿಟ್ಟಳು. ನನಗೆ ನಿಜವಾಗಿ ಹೆದರಿಕೆ ಹತ್ತಿದ್ದು ಆಗ. ನಾನು ಸತ್ತವಳೆಂದು ನಂಬಿಕೊಂಡು ನನ್ನ ಕಣ್ಣೆದುರಿಗೇ ಅವಳು ಸಾಯುತ್ತಿದ್ದಳು.

ಆ ಲೈಟಿನ ಹಿರಿಯರ ಮಾತು ನೆನಪಾಯಿತು. ನಗದೆ ಬಂದಿದ್ದೆನಲ್ಲ, ಅದೇ ದೋಷವಿರಬೇಕು ಎಂದು ನನ್ನಂಥವಳಿಗೂ ಅನ್ನಿಸಿಬಿಟ್ಟಿತು. ಮಧ್ಯಾಹ್ನ ಸ್ಟುಡಿಯೋದಲ್ಲಿ ಯಾರೂ ಇಲ್ಲದಾಗ ದೀಪಗಳನ್ನು ಹಾಕಿಕೊಂಡು, ಕ್ಯಾಮೆರಾ ಮುಂದೆ ನೆಲದ ಮೇಲೆ ಮಲಗಿದೆ. ಎದ್ದೆ. ನಕ್ಕೆ. ಮೊದಲ ಸಲ ನಗು ಕೆಟ್ಟದಾಗಿ ಬಂತು, ಎರಡನೆಯ ಸಲ ಇನ್ನೂ ಕೆಟ್ಟದಾಗಿ. ಮೂರನೆಯದು ಪರವಾಗಿಲ್ಲ. ಅದರಲ್ಲಿ ಒಂದು ಚಿತ್ರವನ್ನು ಪ್ರಿಂಟ್ ಹಾಕಿ, ಸಂಜೆ ಅಮ್ಮನ ಮಡಿಲಲ್ಲಿಟ್ಟೆ. ನೋಡಮ್ಮ, ಹೇಗೆ ನಗುತ್ತಿದ್ದೀನಿ ಎಂದೆ.

ಅಮ್ಮ ಫೋಟೋವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಸೆರಗಿನಿಂದ ಅದರ ಮೇಲೆ ಇಲ್ಲದ ದೂಳನ್ನು ಒರೆಸಿದಳು. ಎರಡು ವಾರದಲ್ಲಿ ಮೊದಲ ಸಲ ನನ್ನ ಜೊತೆ ಮಾತಾಡಿದಳು. “ಚೆನ್ನಾಗೈತೆ. ಇದ್ನೇ ದೊಡ್ಡದು ಮಾಡ್ಸು.”

ನಾನು ಎದ್ದು ದೊಡ್ಡಮ್ಮನ ಮನೆಗೆ ಓಡಿದೆ. ಅವಳು ಅವರೆಕಾಯಿ ಬಿಡಿಸುತ್ತಾ ಕೂತಿದ್ದಳು. ನಾನು ಅಲ್ಲೇ ಕುಸಿದು ಕೂತು ಹೋ ಎಂದು ಅತ್ತೆ. ದೊಡ್ಡಮ್ಮ ಗಡಸು ಹೆಂಗಸು, ಸಮಾಧಾನ ಮಾಡುವವಳಲ್ಲ. ಆದರೆ ಅವಳ ಕೈ ನಿಂತುಹೋಯಿತು.

“ತಪ್ಪು ನಂದು ಕಣೇ” ಎಂದಳು. “ಆವತ್ತು ಟಾಕೀಸಲ್ಲಿ ನಿನ್ ಎಣ ತೋರಿಸಿದ್ದೇ ತಡ, ನಿಮ್ಮಮ್ಮ ಎದ್ದು ನಿಂತ್ಕಂಡು ಬಾಯಿ ತೆಗದ್ಳು. ಸತ್ತೋರ ಮುಂದೆ ಅಳಲ್ವಾ, ಅಂಗೆ ರಾಗ ತೆಗ್ಯಕ್ಕೇ ಓದ್ಳು. ಸುತ್ತ ನಮ್ಮೂರ ಎಂಗಸ್ರೆಲ್ಲಾ ನಗ್ತಾವ್ರೆ, ಇಂದ್ಗಡೆ ಐಕ್ಳು ಸಿಳ್ಳೆ ಒಡೀತಾವ್ರೆ. ನಂಗೆ ಮಾನ ಓದಂಗಾಯ್ತು. ಬದ್ಕಿರೋಳಿಗೆ ಅಳ್ತೀಯಾ, ಬಿಡ್ತು ಅನ್ನು ಅಂತ ಬಾಯಿ ಮುಚ್ಚಿ ಕುಂಡ್ರಿಸ್ದೆ. ಈ ಕೈನಾಗೇ ಮುಚ್ಚಿದ್ದು.”

ನಮ್ಮ ಕಡೆ ಸಾವಿನ ಮನೆಯಲ್ಲಿ ಅಳು ಎಂದರೆ ಸುಮ್ಮನೆ ಕಣ್ಣೀರಲ್ಲ. ಹೆಂಗಸರು ಒಬ್ಬರ ಹೆಗಲ ಮೇಲೆ ಒಬ್ಬರು ಕೈಹಾಕಿಕೊಂಡು, ರಾಗವಾಗಿ, ಸತ್ತವರ ಹತ್ತಿರವೇ ಮಾತಾಡುತ್ತಾರೆ. ಕೇಳುವುದನ್ನೆಲ್ಲ ಕೇಳುತ್ತಾರೆ, ಬೈಯುವುದನ್ನೂ ಬೈಯುತ್ತಾರೆ. ಒಮ್ಮೆ ಬಾಯಿ ತೆಗೆದವರನ್ನು ನಡುವೆ ಯಾರೂ ತಡೆಯುವುದಿಲ್ಲ. “ನಿಮ್ಮಪ್ಪ ಓದಾಗ ಮೂರು ದಿನ ಅತ್ಳು, ನಾಕನೇ ದಿನ ಆಲು ಕರಿಯಕ್ಕೆ ಕುಂತ್ಳು” ಎಂದಳು ದೊಡ್ಡಮ್ಮ. “ಇದು ಒಳಗೇ ಸಿಗಾಕ್ಕೊಂಡೈತೆ. ಕರ್ಕೊಂಡೋಗು. ನಾನು ಬರಾಕಿಲ್ಲ, ನನ್ ಮಕ ಕಂಡ್ರೆ ಬಾಯಿ ಬಿಡಾಕಿಲ್ಲ ಅವಳು.”

ಆ ಗುರುವಾರ ಸಿನಿಮಾದ ಕೊನೆಯ ದಿನ. ಮಧ್ಯಾಹ್ನದ ಆಟಕ್ಕೆ ಅಮ್ಮನನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಹೋದೆ. ಎಲ್ಲಿಗೆ ಎಂದು ಅವಳು ಕೇಳಲಿಲ್ಲ. ಥಿಯೇಟರಿನ ಮುಂದಿನ ಪೋಸ್ಟರನ್ನು ನೋಡಿದಾಗ ಮಾತ್ರ ನನ್ನ ಮಣಿಕಟ್ಟು ಹಿಡಿದುಕೊಂಡಳು. ಅವಳ ಕೈ ಬಿಸಿಯಾಗಿತ್ತು. ಒಳಗೆ ಹದಿನೈದು ಜನವೂ ಇರಲಿಲ್ಲ. ನಮ್ಮ ಹಿಂದಿನ ಸಾಲಿನಲ್ಲಿ ಕೆ.ಜಿ.ಎಫ್ ಕಡೆಯ ಇಬ್ಬರು ವಯಸ್ಸಾದ ಹೆಂಗಸರು ತಮಿಳಿನಲ್ಲಿ, ನೋಡು ಇದೇ ನಮ್ಮ ಮಿಲ್ಲು, ಇದೇ ನಮ್ಮ ಆಸ್ಪತ್ರೆ ರಸ್ತೆ ಎಂದು ಗುರುತು ಹಿಡಿಯುತ್ತಿದ್ದರು.

ಪಾಳು ಕಟ್ಟಡದೊಳಕ್ಕೆ ನಾಯಕಿ ಟಾರ್ಚ್ ಹಿಡಿದು ಬಂದಳು. ಬೆಳಕು ನೆಲದ ಮೇಲೆ ಹರಿದು ನನ್ನ ಕಾಲಿಗೆ ತಾಗಿತು, ಆಮೇಲೆ ಕೈಗೆ, ಆಮೇಲೆ ಮುಖಕ್ಕೆ. ಪರದೆ ತುಂಬ ನನ್ನ ಮುಖ. ದೊಡ್ಡ ಪರದೆಯ ಮೇಲೆ ನಾನೂ ಅದನ್ನು ನೋಡುತ್ತಿದ್ದುದು ಅದೇ ಮೊದಲು. ಸೀಟು ಬದಲಾಯಿಸಿದ ಆ ಹೆಂಗಸು ಹೇಳಿದ್ದು ನಿಜ. ಕಣ್ಣುಗಳು ನಾನು ಕೂತಿದ್ದ ಕಡೆಗೇ ತಿರುಗಿದ್ದವು. ಅಮ್ಮ ಎದ್ದು ನಿಂತಳು. ನಾನು ತಡೆಯಲಿಲ್ಲ.

“ಅಯ್ಯೋ ನನ್ ತಾಯೀ...” ಎಂದು ಶುರುಮಾಡಿದಳು. ಆ ದನಿ ಎಲ್ಲಿತ್ತೋ, ಆ ಬಡಕಲು ಎದೆಯಿಂದ ಬಂದದ್ದೆಂದು ನಂಬಲಾಗಲಿಲ್ಲ. “ಗಾರೆ ನೆಲದ್ಮೇಲೆ ಮಲಗ್ಸವ್ರಲ್ಲೇ ನಿನ್ನ... ಚಾಪೆ ಇಲ್ದೆ ಒಂದಿನ ಮಲಗ್ದೋಳಲ್ವಲ್ಲೇ... ಮಕ ತುಂಬಾ ದೂಳು ಕುಂತೈತಲ್ಲೇ, ಒರೆಸೋರು ಯಾರೂ ಇಲ್ವೇನೇ... ಆ ಪತ್ತೇದಾರ ಅವಳ ಮಕ ನೋಡ್ತಾನಲ್ಲೇ, ನಿನ್ ಮಕ ಯಾರೂ ನೋಡ್ಲಿಲ್ವಲ್ಲೇ... ಇಷ್ಟು ಜನ ಬಂದವ್ರಲ್ಲೇ, ಒಬ್ರಾನ ಅಳ್ಲಿಲ್ವಲ್ಲೇ ನನ್ ಕಂದಾ...”

ಅದು ನಿಜ. ಇಷ್ಟು ಜನ ಇಷ್ಟೊಂದು ಅಭಿಪ್ರಾಯ ಹೇಳಿದ್ದರು, ಸಿನಿಮಾದ ಆ ಸತ್ತ ಹೆಂಗಸಿಗೆ ಅಳುವವರು ಯಾರೂ ಇರಲಿಲ್ಲ ಎಂದು ಒಬ್ಬರೂ ಹೇಳಿರಲಿಲ್ಲ. ನನಗೂ ಹೊಳೆದಿರಲಿಲ್ಲ. ಮುಂದೆ ಕೂತಿದ್ದವನೊಬ್ಬ ತಿರುಗಿ, “ಏಯ್, ಯಾರದು?” ಎಂದ. ಅಷ್ಟರಲ್ಲಿ ಹಿಂದಿನ ಸಾಲಿನ ಆ ಇಬ್ಬರು ಎದ್ದು ಬಂದು, ಒಬ್ಬಳು ಆ ಕಡೆ ಒಬ್ಬಳು ಈ ಕಡೆ, ಅಮ್ಮನ ಹೆಗ್ಗತ್ತಿಗೆ ಕೈಹಾಕಿ ನಿಂತರು. ಯಾರು, ಏನು ಎಂದು ಕೇಳಲಿಲ್ಲ. “ಎನ್ ರಾಸಾತ್ತೀ... ಪೋಯಿಟ್ಟಿಯಾ...” ಎಂದು, ನನ್ನ ರಾಣೀ ಹೋಗಿಬಿಟ್ಟೆಯಾ ಅಂತ, ತಮಿಳಿನಲ್ಲಿ ದನಿಗೂಡಿಸಿದರು. ಗಣಿಯ ಬಾಯಿಂದ ಬಂದ ಹೆಣಗಳ ಮುಂದೆ ಎಷ್ಟು ಸಲ ಅತ್ತಿದ್ದರೋ, ರಾಗ ತಡವರಿಸಲಿಲ್ಲ. ಕೂಗಿದ್ದ ಮನುಷ್ಯ ಮುಂದಕ್ಕೆ ತಿರುಗಿ ಕೂತ.

ಮೂವರು ಹೆಂಗಸರು ನನ್ನ ಪಕ್ಕದಲ್ಲಿ ನಿಂತು ನನಗಾಗಿ ಅಳುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಅಮ್ಮನ ಸೀರೆ ಹಿಡಿದೆಳೆದು, “ಅಮ್ಮಾ, ನಾನು ಇಲ್ಲೇ ಇದ್ದೀನಲ್ಲಮ್ಮಾ” ಎಂದೆ.

ಅಮ್ಮ ಪರದೆಯಿಂದ ಕಣ್ಣು ಕೀಳದೆ, “ನೀನು ಸುಮ್ಕಿರು. ನಾನು ಅವಳತ್ರ ಮಾತಾಡ್ತಿವ್ನಿ” ಎಂದಳು.

ಸೀರೆ ಬಿಟ್ಟೆ. ಪರದೆಯ ಮೇಲೆ ಇಬ್ಬರು ಪೊಲೀಸರು ಬಿಳಿ ಬಟ್ಟೆ ತಂದು ಹೆಣದ ಮೇಲೆ ಎಳೆಯತೊಡಗಿದರು. “ಇರಪ್ಪಾ, ಇನ್ನೊಂದ್ ಗಳಿಗೆ ಇರಪ್ಪಾ” ಎಂದು ಅಮ್ಮ ಅವರ ಕಡೆ ಕೈ ಚಾಚಿದಳು. ಅವರು ಮುಚ್ಚಿಬಿಟ್ಟರು. ಪತ್ತೇದಾರನ ಹಾಡು ಶುರುವಾಯಿತು. ಹಿಂದಿನ ಹೆಂಗಸರು ಅಮ್ಮನನ್ನು ಕೂರಿಸಿ, ನೀರಿನ ಬಾಟಲಿ ಕೊಟ್ಟು, ತಮ್ಮ ಜಾಗಕ್ಕೆ ಹೋದರು. ಅಮ್ಮ ನೀರು ಕುಡಿದು, ಸೆರಗಿನಿಂದ ಮುಖ ಒರೆಸಿಕೊಂಡು, ನನ್ನ ಕಡೆಗೆ ತಿರುಗಿದಳು. ಮೂರು ವಾರದ ಮೇಲೆ ಅವಳ ಕಣ್ಣು ನನ್ನ ಮುಖದ ಮೇಲೆ ನಿಂತಿತು.

“ನಾನೇ ಅಂದಿದ್ದು ಕಣೇ” ಎಂದಳು.

“ಏನಂದೆ?”

“ಅದಕ್ಕೆ ಓದ್ಯಲ್ಲ, ಆ ಶೂಟಿಂಗ್ ದಿನ. ಬೆಳಿಗ್ಗೆ ಆಲು ಚೆಲ್ಲಿದ್ದೆ ನೀನು. ಎಲ್ಲಾನ ಓಗಿ ಸಾಯಿ ಅಂದ್ನಲ್ಲ. ಅಂಗೇ ಓಗಿ ಅಲ್ಲಿ ಬಿದ್ಕಂಡಿದ್ದೆ.”

ನಾನು ನೆನಪು ಮಾಡಿಕೊಳ್ಳಲು ನೋಡಿದೆ. ಹಾಲು ಚೆಲ್ಲಿದ್ದು ಮಂಜುಮಂಜಾಗಿ ಬಂತು, ಆ ಮಾತು ಬರಲಿಲ್ಲ. ನಮ್ಮ ಮನೆಯಲ್ಲಿ ಆ ಮಾತು ಒದೆಯುವ ಹಸುವಿಗೂ ಬೀಳುತ್ತದೆ, ಹೊತ್ತದ ಒಲೆಗೂ ಬೀಳುತ್ತದೆ. ಅಷ್ಟಕ್ಕೆ ಇವಳು ಮೂರು ವಾರ ಅನ್ನ ಬಿಟ್ಟಿದ್ದಳು.

“ನಂಗೆ ಗ್ಯಾಪಕಾನೇ ಇಲ್ಲಮ್ಮಾ. ಬಸ್ಸಿಗೆ ಓಡ್ತಿದ್ದೆ, ಕೇಳಿಸ್ಕೊಂಡೇ ಇಲ್ಲ” ಎಂದೆ.

“ಕೇಳಿಸ್ಕೊಂಡೇ ಇಲ್ವಾ?”

“ಇಲ್ಲ.”

ಅಮ್ಮ ನನ್ನನ್ನೇ ದಿಟ್ಟಿಸಿದಳು. ಅವಳ ಮೂಗಿನ ಹೊಳ್ಳೆ ಅರಳಿದ್ದು ಪರದೆಯ ಬೆಳಕಿನಲ್ಲಿ ಕಂಡಿತು. ಅದು ನನಗೆ ಹುಟ್ಟಿದಾಗಿನಿಂದ ಗೊತ್ತಿರುವ ಗುರುತು. “ಇಲ್ಲಿ ನಾನು ಕೂಳು ನೀರು ಇಲ್ದೆ ಸಾಯ್ತಾ ಬಿದ್ದಿವ್ನಿ, ಇವಳಿಗೆ ಕೇಳಿಸ್ಲೇ ಇಲ್ವಂತೆ, ಮುಂಡೇದು!” ಎಂದವಳೇ ನನ್ನ ಬೆನ್ನಿಗೆ ಫಟಾರನೆ ಒಂದು ಬಿಗಿದಳು. ಮುಂದಿನ ಸಾಲಿನವರೆಲ್ಲ ತಿರುಗಿ ನೋಡಿದರು. ಬೆನ್ನು ಚುರ್ರೆಂದಿತು. ಕಣ್ಣಲ್ಲಿ ನೀರು ಬಂತು. ಇನ್ನೊಂದು ಬೀಳಲಿ ಎಂದು ನಾನು ಬೆನ್ನು ಬಾಗಿಸಿಕೊಂಡೇ ಕೂತಿದ್ದೆ.